ಗೊಬ್ಬರ ಹೆಚ್ಚಾದರೆ ಪಾಲಿಹೌಸ್ ಗುಲಾಬಿಯಲ್ಲಿ ನುಸಿ ಹೆಚ್ಚುತ್ತದೆಯೇ?

ಹೌದು, ಮುಖ್ಯವಾಗಿ ಸಾರಜನಕ ಅಗತ್ಯವನ್ನು ಮೀರಿದಾಗ. ಗುಲಾಬಿಯನ್ನು ಕಾಡುವ ಎರಡು ಚುಕ್ಕೆಯ ನುಸಿ ಎಲೆಯ ಅಡಿಭಾಗದಲ್ಲಿದ್ದುಕೊಂಡು ಜೀವಕೋಶಗಳನ್ನು ಚುಚ್ಚಿ ರಸ ಹೀರುವುದರಿಂದ, ಆ ರಸದ ಪೌಷ್ಟಿಕತೆಯೇ ಅದರ ಸಂತಾನಶಕ್ತಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಗಿಡವು ಬೆಳವಣಿಗೆಗೆ ಬಳಸಬಲ್ಲುದಕ್ಕಿಂತ ಹೆಚ್ಚು ಸಾರಜನಕ ಹೀರಿಕೊಂಡಾಗ ಎಲೆಗಳಲ್ಲಿ ಪ್ರೋಟೀನಿನ ಬಿಡಿ ಘಟಕಗಳಾದ ಅಮೈನೋ ಆಮ್ಲಗಳು ಶೇಖರವಾಗುತ್ತವೆ. ಅಂಥ ಎಲೆಯ ಮೇಲೆ ಹೆಣ್ಣು ನುಸಿ ಹೆಚ್ಚು ಮೊಟ್ಟೆಯಿಡುತ್ತದೆ, ಮರಿಗಳೂ ಬೇಗ ಬೆಳೆಯುತ್ತವೆ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಒಣ ಹವೆಯಲ್ಲಿ ಮೊಟ್ಟೆಯೊಂದು ಪ್ರೌಢ ನುಸಿಯಾಗಲು ಸುಮಾರು ಒಂದು ವಾರ ಸಾಕು. ಆದ್ದರಿಂದ ಒಂದು ತಲೆಮಾರಿನಲ್ಲಿ ಅಲ್ಪವೆನಿಸುವ ವ್ಯತ್ಯಾಸ, ದೊಡ್ಡಬಳ್ಳಾಪುರ ಅಥವಾ ಹೊಸೂರಿನ ಬೇಸಿಗೆಯಲ್ಲಿ, ಚಕ್ರಬಡ್ಡಿಯಂತೆ ಬೆಳೆದು ಎಲೆಗಳ ಮೇಲೆ ಬಲೆ ಕಟ್ಟುವ ಹಂತ ಮುಟ್ಟುತ್ತದೆ.

ಹಾಗೆಂದು ಎಲ್ಲ ಪೋಷಕಾಂಶಗಳನ್ನೂ ಒಟ್ಟಿಗೆ ಇಳಿಸುವುದು ಸರಿಯಲ್ಲ. ಪೊಟ್ಯಾಷಿಯಂ ಕೊರತೆಯಾದರೆ ಪ್ರೋಟೀನ್ ತಯಾರಿಕೆ ಕುಂಠಿತಗೊಂಡು ಅದೇ ಅಮೈನೋ ಆಮ್ಲಗಳು ಎಲೆಯಲ್ಲಿ ಉಳಿಯುತ್ತವೆ. ಸಾರಜನಕವನ್ನು ಅತಿಯಾಗಿ ಕಡಿತಗೊಳಿಸಿದರೆ ಹೂದಂಟು ಗಿಡ್ಡವಾಗಿ ಬೆಲೆ ಕುಸಿಯುತ್ತದೆ. ಎಲೆ ವಿಶ್ಲೇಷಣೆ ಮಾಡಿಸಿ, ಹನಿ ನೀರಾವರಿಯಲ್ಲಿ ಕೊಡುವ ದ್ರಾವಣದ ಮತ್ತು ಬುಡದಿಂದ ಬಸಿದು ಬರುವ ನೀರಿನ ಇಸಿಯನ್ನು (ಕರಗಿದ ಲವಣಗಳ ಪ್ರಮಾಣ ತೋರಿಸುವ ವಿದ್ಯುತ್ ವಾಹಕತೆ) ಹೋಲಿಸಿ, ಹೆಚ್ಚುವರಿಯಾದ ಸಾರಜನಕವನ್ನಷ್ಟೇ ಹಂತಹಂತವಾಗಿ ಇಳಿಸುವುದು ನನ್ನ ಖಚಿತ ಸಲಹೆ. ಇದೊಂದರಿಂದಲೇ ನುಸಿ ನಾಶವಾಗದು. ಆದರೆ ಅದರ ವೃದ್ಧಿ ನಿಧಾನವಾದಾಗ ಫೈಟೋಸಿಯುಲಸ್ ಪರ್ಸಿಮಿಲಿಸ್‌ನಂಥ ಪರಭಕ್ಷಕ ನುಸಿಗಳಿಗೆ ಅದನ್ನು ಹಿಡಿತಕ್ಕೆ ತರಲು ಕಾಲಾವಕಾಶ ಸಿಗುತ್ತದೆ, ನುಸಿನಾಶಕದ ಸಿಂಪಡಣೆಯೂ ಕಡಿಮೆಯಾಗುತ್ತದೆ. ಔಷಧಗಳಿಗೆ ಬಹುಬೇಗ ಪ್ರತಿರೋಧ ಬೆಳೆಸಿಕೊಳ್ಳುವ ಈ ಪೀಡೆಯ ವಿಷಯದಲ್ಲಿ ಅದು ಬಹಳ ಮುಖ್ಯ.