ರಿವಾಲ್ವರ್‌ಗೆ ಪೂರ್ತಿ ನಿಕ್ಕಲ್ ಬೇಕಾ?

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟ. ತಂದೆಯವರ ಪಾಯಿಂಟ್ 32 ರಿವಾಲ್ವರ್ ಈಗ ನನ್ನ ಲೈಸೆನ್ಸಿನಲ್ಲಿದೆ. ಕರಿ ಬಣ್ಣದ ಪಾಲಿಶ್ ಹೋಗಿದೆ, ಮಳೆಗಾಲ ಬಂದರೆ ತುಕ್ಕು. ಎಲ್ಲ ಭಾಗ ಬಿಚ್ಚಿಸಿ ನಿಕ್ಕಲ್ ಪ್ಲೇಟಿಂಗ್ ಮಾಡಿಸಿಬಿಡಲಾ?
– ಒಬ್ಬ ಬೆಳೆಗಾರ

ಉತ್ತರ: ಪ್ಲೇಟಿಂಗ್ ಮಾಡಿಸಿ, ಆದರೆ ಎಲ್ಲ ಭಾಗಕ್ಕೂ ಬೇಡ. ಇದು ಪಾತ್ರೆಗೆ ಕಲಾಯಿ ಹಾಕಿಸಿದ ಹಾಗಲ್ಲ.

ಸೇನೆಯಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿಯವನು, ಆಗಿದ್ದವನು ನಾನು. ನಿವೃತ್ತನಾದ ಹೊಸದರಲ್ಲಿ ನನ್ನ ರಿವಾಲ್ವರ್‌ನ ಮೇನ್ ಸ್ಪ್ರಿಂಗನ್ನು (ಗುಂಡಿಗೆ ಬಡಿಯುವ ಹ್ಯಾಮರ್ ಅನ್ನು ದೂಡುವ ಸ್ಪ್ರಿಂಗ್) ಪ್ಲೇಟಿಂಗ್ ಅಂಗಡಿಗೆ ಕೊಟ್ಟೆ. ಬೆಳ್ಳಿ ಹಾಗೆ ಹೊಳೆಯುತ್ತಾ ಬಂತು. ಜೋಡಿಸಿ ಬೀರುವಿನಲ್ಲಿಟ್ಟೆ. ಹತ್ತು ದಿನ ಬಿಟ್ಟು ನೋಡಿದರೆ ಎರಡು ತುಂಡು! ಒಂದು ಗುಂಡೂ ಹಾರಿಸಿರಲಿಲ್ಲ. ಆಸಿಡ್ಡಿನಲ್ಲಿ ತೊಳೆದು ಕರೆಂಟ್ ಹಾಯಿಸುವಾಗ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಕೂಡಲೇ ಸುಮಾರು 190 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸದಿದ್ದರೆ ಉಕ್ಕು ಹಪ್ಪಳವೇ. ಗೊತ್ತಿದ್ದೂ ಕೇಳಲಿಲ್ಲ ನಾನು. ಸ್ಪ್ರಿಂಗ್, ಫೈರಿಂಗ್ ಪಿನ್ ಇವಕ್ಕೆ ಎಣ್ಣೆಯೇ ಸಾಕು.

ಕೈಬೆವರು, ಮಳೆಗಾಳಿ ತಾಗುವುದು ಹೊರಮೈಗೆ. ಹಾಗಾಗಿ ಫ್ರೇಮ್, ಬ್ಯಾರೆಲ್ ಮತ್ತು ಸಿಲಿಂಡರ್‌ಗಳ ಹೊರಮೈ, ಹಿಡಿಯ ಸ್ಕ್ರೂ, ಇಷ್ಟಕ್ಕೆ ಹಾಕಿಸಿ. ಮರದ ಹಿಡಿಯ ಅಡಿಯ ಫ್ರೇಮನ್ನು ಮರೆಯಬೇಡಿ. ಬೆವರು ಅಲ್ಲಿಗಿಳಿದು ಕೂರುತ್ತದೆ, ಕಣ್ಣಿಗೂ ಬೀಳುವುದಿಲ್ಲ.

ನಳಿಗೆಯ ಒಳಗೆ, ಗುಂಡು ಕೂರುವ ತೂತುಗಳಲ್ಲಿ, ಸಿಲಿಂಡರ್ ತಿರುಗುವ ಕಡ್ಡಿಯ ಮೇಲೆ ಮಾತ್ರ ಬೇಡ. 10 ಮೈಕ್ರಾನ್ (ಮಿಲಿಮೀಟರಿನ ನೂರರಲ್ಲೊಂದು ಭಾಗ) ಲೇಪ ಅಂದರೆ ಕಡ್ಡಿಯ ದಪ್ಪ 20 ಮೈಕ್ರಾನ್ ಜಾಸ್ತಿ, ತೂತು ಅಷ್ಟೇ ಚಿಕ್ಕದು. ಹಾರಿದ ಗುಂಡಿನ ಖಾಲಿ ಕೇಸು ಸಿಕ್ಕಿಕೊಳ್ಳುತ್ತದೆ. ಹ್ಯಾಮರ್, ಟ್ರಿಗರ್ ಒಂದಕ್ಕೊಂದು ಕಚ್ಚುವ ಅಂಚನ್ನಂತೂ ಯಾರೂ ಮುಟ್ಟಕೂಡದು. ಆ ಅಂಚು ಕೆಟ್ಟರೆ ರಿವಾಲ್ವರ್ ತಾನಾಗಿ ಹಾರೀತು.

ಕರೆಂಟ್ ಇಲ್ಲದೆ ದ್ರಾವಣದಲ್ಲೇ ಕೂರಿಸುವ ನಿಕ್ಕಲ್ ಸಿಕ್ಕರೆ ಒಳ್ಳೆಯದು, ಮೂಲೆ ಮುಡುಕಲ್ಲೂ ಒಂದೇ ಸಮ ಕೂರುತ್ತದೆ. ನಿಕ್ಕಲ್ ಅಡಿಗೆ ತಾಮ್ರದ ಪದರ ಹಾಕಿದ್ದಾರಾ ಅಂತ ಕೇಳಿ. ಹಾಕಿದ್ದರೆ ಅಮೋನಿಯಾ ಇರುವ ಕ್ಲೀನರ್ ಬಳಸಬೇಡಿ, ಲೇಪ ಸಿಪ್ಪೆ ಏಳುತ್ತದೆ. ಲೇಪ ಗೀಚಿದ ಕಡೆ ಕಬ್ಬಿಣ ಬರಿಮೈಗಿಂತ ಬೇಗ ತುಕ್ಕು ಹಿಡಿಯುತ್ತದೆ, ಅದೂ ತಲೆಯಲ್ಲಿರಲಿ.

ಇನ್ನೊಂದು ಮಾತು. ಬೈಕ್ ಬಂಪರ್‌ಗೆ ಕ್ರೋಮ್ ಹಾಕುವ ಅಂಗಡಿಗೆ ರಿವಾಲ್ವರ್ ಕೊಟ್ಟು ಬರಬೇಡಿ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೇ ಕೊಡಿ. ಪಾಲಿಶ್ ಮಾಡುವ ಭರದಲ್ಲಿ ಮೇಲಿನ ನಂಬರ್ ಸವೆಯದ ಹಾಗೆ ಹೇಳಿಬಿಡಿ. ನಂಬರ್ ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ.

ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆಯುಧ ಹೊರಬರುವುದೇ ಸೆಪ್ಟೆಂಬರ್‌ನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ, ಅಲ್ವಾ? ಅಷ್ಟರಲ್ಲಿ ಜೂನ್‌ನ ತುಕ್ಕು ಗುಳಿ ಬಿದ್ದಿರುತ್ತದೆ. ತೊಗಲಿನ ಚೀಲದಿಂದ ಇವತ್ತೇ ತೆಗೆದಿಡಿ, ತೊಗಲು ತೇವ ಹಿಡಿದಿಡುತ್ತದೆ. ಗುಂಡು ತೆಗೆದು, ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ.