ಬಲೆಕೋಲು ಹಿಡಿದ ಸಿಂಪಿ ವಿಜ್ಞಾನಿ

ಲಾಕ್ರಾಸ್ ತರಬೇತಿ ಮತ್ತು ವಿಜ್ಞಾನ ಸಂಶೋಧನೆ ಎರಡನ್ನೂ ಒಬ್ಬರೇ ನಡೆಸಿದ್ದುಂಟೇ ಎಂದು ಕೇಳಿದ್ದೀರಿ. ಉಂಟು. ಅಮೆರಿಕದ ರೆಜಿನಾಲ್ಡ್ ಟ್ರುಯಿಟ್ ಅವರನ್ನು ನೋಡಿ. ಹುಟ್ಟಿದ್ದು 1890ರಲ್ಲಿ, ಮೇರಿಲ್ಯಾಂಡಿನ ಸ್ನೋ ಹಿಲ್‌ನಲ್ಲಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಲೇ 1920ರ ದಶಕದಲ್ಲಿ ಅಲ್ಲಿನ ಲಾಕ್ರಾಸ್ ತಂಡವನ್ನು ಪಳಗಿಸಿದರು. ಲಾಕ್ರಾಸ್ ಎಂದರೆ ತುದಿಯಲ್ಲಿ ಪುಟ್ಟ ಬಲೆಯಿರುವ ಕೋಲಿನಿಂದ ಚೆಂಡು ಹಿಡಿದು ಎಸೆಯುವ, ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ.

ಆದರೆ ನನಗೆ ಹೆಚ್ಚು ಹಿಡಿಸುವುದು ಅವರ ಸಿಂಪಿಯ ಹುಚ್ಚು. ಮೇರಿಲ್ಯಾಂಡಿಗೆ ತಾಗಿದ ಚೆಸಪೀಕ್ ಕೊಲ್ಲಿಯಲ್ಲಿ ಜನ ತಿನ್ನುವ ಸಿಂಪಿಗಳನ್ನು (ಆಯ್ಸ್ಟರ್ ಎಂಬ ಚಿಪ್ಪುಜೀವಿಗಳನ್ನು) ವರ್ಷಗಟ್ಟಲೆ ಗೋರಿ ಗೋರಿ ತೆಗೆದು, ಅವುಗಳ ನೆಲೆಯೇ ಬರಿದಾಗುತ್ತಿತ್ತು. ಸಿಂಪಿಯ ಮರಿ ಕೆಲವು ವಾರ ನೀರಿನಲ್ಲಿ ತೇಲಿ, ಆಮೇಲೆ ಗಟ್ಟಿಯಾದದ್ದಕ್ಕೆ, ಸಾಮಾನ್ಯವಾಗಿ ಹಳೆಯ ಚಿಪ್ಪಿಗೇ, ಅಂಟಿಕೊಂಡು ಬೆಳೆಯುತ್ತದೆ. ಚಿಪ್ಪನ್ನೂ ಹೊತ್ತೊಯ್ದರೆ ಮುಂದಿನ ಪೀಳಿಗೆಗೆ ನಿಲ್ಲಲು ನೆಲವೇ ಇಲ್ಲ! ಇಂಥ ಸಂಗತಿಗಳ ಬೆನ್ನುಹತ್ತಿ 1925ರಲ್ಲಿ ಅವರು ಪಟುಕ್ಸೆಂಟ್ ನದಿ ಕೊಲ್ಲಿಗೆ ಸೇರುವೆಡೆ, ಸೊಲೊಮನ್ಸ್‌ನಲ್ಲಿ, ಚೆಸಪೀಕ್ ಜೈವಿಕ ಪ್ರಯೋಗಾಲಯವನ್ನು ಆರಂಭಿಸಿದರು. ಅದು ಇಂದಿಗೂ ಕೆಲಸ ಮಾಡುತ್ತಿದೆ. ಲಾಕ್ರಾಸ್‌ನ ರಾಷ್ಟ್ರೀಯ ಗೌರವ ಪಟ್ಟಿಯಲ್ಲೂ ಅವರ ಹೆಸರಿದೆ. ನೂರು ದಾಟಿ ಬದುಕಿ, 1991ರಲ್ಲಿ ತೀರಿಕೊಂಡರು.