ಕಪ್ಪಗಿದ್ದ ಇಂಗ್ಲಿಷ್ ಮೈಲ್ಡ್ ಬಾಯಿಗೆ ನೀರು ನೀರಾಗಿತ್ತು. ಬಿಯರೇ ಸರಿಯಿಲ್ಲವೋ, ಕುಡಿದ ರೀತಿ ಸರಿಯಿಲ್ಲವೋ?

ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯಗಳಿವೆ: ಕುಡಿದದ್ದು ಕ್ರಾಫ್ಟ್ ಬ್ರೂವರಿಯ 3.2% ಆಲ್ಕೋಹಾಲಿನ ಡಾರ್ಕ್ ಮೈಲ್ಡ್ (ಕಡಿಮೆ ಆಲ್ಕೋಹಾಲಿನ, ಗಾಢ ಬಣ್ಣದ ಇಂಗ್ಲಿಷ್ ಬಿಯರ್), ಬಣ್ಣ ನೋಡಿ ಸ್ಟೌಟ್‌ನಂತೆ, ಅಂದರೆ ಹುರಿದ ಮಾಲ್ಟಿನ ದಪ್ಪ ಕಪ್ಪು ಬಿಯರಿನಂತೆ ಇರುತ್ತದೆ ಎಂದುಕೊಂಡಿದ್ದಿರಿ, ಗ್ಲಾಸು ಮುಟ್ಟಿದರೆ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಉತ್ತರದ ಅರ್ಧ ಆ ಕೊನೆಯ ಮಾತಿನಲ್ಲೇ ಇದೆ. ಮೈಲ್ಡ್ ಕುಡಿಯಬೇಕಾದದ್ದು 11ರಿಂದ 13 ಡಿಗ್ರಿಯಲ್ಲಿ. 4 ಡಿಗ್ರಿಯಲ್ಲಿ ಕೊಟ್ಟರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಘಮ ಮೇಲೇಳುವುದಿಲ್ಲ, ನಾಲಿಗೆಗೆ ಸಿಹಿ ಹತ್ತುವುದಿಲ್ಲ. ಉಳಿಯುವುದು ಗ್ಯಾಸಿನ ಚುರುಕು ಮತ್ತು ನೀರು. ಹೆಚ್ಚು ಆಲ್ಕೋಹಾಲ್, ಹೆಚ್ಚು ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಇರುವ ಬಿಯರ್ ಈ ಹೊಡೆತವನ್ನು ಹೇಗೋ ತಾಳಿಕೊಳ್ಳುತ್ತದೆ. ಮೈಲ್ಡ್‌ಗೆ ಆ ಆಸರೆ ಎರಡೂ ಇಲ್ಲ.

ಹಾಗಾಗಿ ತೀರ್ಪು ಕೊಡುವ ಮೊದಲು ಇದೊಂದು ಮಾಡಿ ನೋಡಿ. ಚಿಕ್ಕ ಸ್ಯಾಂಪಲ್ ಗ್ಲಾಸು ಬೇಡ, ಕನಿಷ್ಠ ಅರ್ಧ ಪಿಂಟ್, ಅಂದರೆ 284 ಎಂಎಲ್ ತೆಗೆದುಕೊಳ್ಳಿ. ಜೊತೆಗೊಂದು ಖಾಲಿ ಗ್ಲಾಸು ಕೇಳಿ. ಬಿಯರಿನ ಅರ್ಧ ಭಾಗವನ್ನು ಅದಕ್ಕೆ ಸುರಿದು, ಆ ಭಾಗವನ್ನು ಅಂಗೈಗಳ ನಡುವೆ ಹಿಡಿದು ಆಗಾಗ ವೃತ್ತಾಕಾರವಾಗಿ ಅಲುಗಾಡಿಸುತ್ತಾ 15ರಿಂದ 20 ನಿಮಿಷ ಬಿಡಿ. ಇದರಿಂದ ಎರಡು ಕೆಲಸ ಆಗುತ್ತದೆ: ಬಿಯರ್ ಬೆಚ್ಚಗಾಗುತ್ತದೆ, ಗ್ಯಾಸ್ ಇಳಿಯುತ್ತದೆ. ಎರಡನೆಯದೂ ಮೊದಲನೆಯದರಷ್ಟೇ ಮುಖ್ಯ. ಕಾಸ್ಕ್‌ನಿಂದ (ಹೊರಗಿನ ಗ್ಯಾಸಿನ ಒತ್ತಡವಿಲ್ಲದೆ ಬಡಿಸುವ ಸಾಂಪ್ರದಾಯಿಕ ಪೀಪಾಯಿ) ಬರುವ ಮೈಲ್ಡ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 1ರಿಂದ 1.5 ವಾಲ್ಯೂಮ್ ಇರುತ್ತದೆ, ಅಂದರೆ ಒಂದು ಲೀಟರ್ ಬಿಯರಿನಲ್ಲಿ ಕರಗಿದ ಗ್ಯಾಸ್ 1ರಿಂದ 1.5 ಲೀಟರ್. ಗ್ಯಾಸಿನ ಒತ್ತಡದಲ್ಲಿ ಬಡಿಸುವ ಕೆಗ್ ಪೀಪಾಯಿಗಳ ಲೈನಿನಲ್ಲಿ ಎಲ್ಲ ಬಿಯರಿಗೂ ಒಂದೇ ಒತ್ತಡ ಕೊಟ್ಟರೆ ಅದು 2.5ರ ಆಸುಪಾಸಿಗೆ ಹೋಗುತ್ತದೆ. ಕರಗಿದ ಗ್ಯಾಸ್ ಕಾರ್ಬಾನಿಕ್ ಆಮ್ಲವಾಗಿ ನಾಲಿಗೆಯನ್ನು ಚುಚ್ಚುತ್ತದೆ, ಮೈ ತೆಳುವಾಗಿರುವ ಬಿಯರಿನಲ್ಲಿ ಅದನ್ನು ಮುಚ್ಚಲು ಏನೂ ಇರುವುದಿಲ್ಲ. ಬೆಚ್ಚಗಾದದ್ದನ್ನೂ ತಣ್ಣಗಿರುವುದನ್ನೂ ಒಂದಾದ ಮೇಲೊಂದು ಕುಡಿಯಿರಿ. ಬೇರೆ ಬೇರೆ ಬಿಯರ್ ಎನ್ನಿಸುವಷ್ಟು ವ್ಯತ್ಯಾಸ ಕಂಡರೆ ಬಿಯರಿನ ತಪ್ಪಿಲ್ಲ, ಬಡಿಸಿದ ರೀತಿಯದೇ ತಪ್ಪು.

ಈಗ ಬೆಚ್ಚಗಿನ ಗ್ಲಾಸನ್ನು ಬೆಳಕಿಗೆ ಹಿಡಿಯಿರಿ. ದೂರದಿಂದ ಕಪ್ಪಾಗಿ ಕಂಡದ್ದು ಅಂಚಿನಲ್ಲಿ ಮಾಣಿಕ್ಯದ ಕೆಂಪಿಗೋ ಗಾಢ ಕಂದಿಗೋ ತಿರುಗಬೇಕು. ನೊರೆ ಕಡಿಮೆ ಇದ್ದರೆ, ಬೇಗ ಇಳಿದರೆ ಅದನ್ನು ದೋಷ ಎನ್ನಬೇಡಿ. ಗ್ಯಾಸ್ ಕಡಿಮೆಯಿದ್ದರೆ ನೊರೆಯೂ ಕಡಿಮೆಯೇ. ಮೂಗಿಗೆ ಬರಬೇಕಾದದ್ದು ಟೋಸ್ಟ್ ಆದ ಬ್ರೆಡ್ಡಿನ ಅಂಚು, ಬಿಸ್ಕತ್ತು, ಕ್ಯಾರಮೆಲ್, ಒಣದ್ರಾಕ್ಷಿ, ಕೆಲವೊಮ್ಮೆ ಕಾಕಂಬಿ, ತುಸು ಕೋಕೋ. ಹಾಪ್ಸ್ ಇದ್ದರೆ ಒದ್ದೆ ಮಣ್ಣಿನಂಥ, ಒಣ ಎಲೆಯಂಥ ವಾಸನೆ. ಫಗಲ್, ಗೋಲ್ಡಿಂಗ್ಸ್ ಹಾಪ್ಸ್‌ಗಳ ಗುಣ ಅದು. ಮಾವು, ಕಿತ್ತಳೆಯ ಘಮ ಮುಂದೆ ಬಂದರೆ ಅದು ಚೆನ್ನಾಗಿದ್ದರೂ ಮೈಲ್ಡ್ ಅಲ್ಲ.

ಹನಿಹನಿಯಾಗಿ ಹೀರಬೇಡಿ, ಬಾಯಿ ತುಂಬ ಒಂದು ಗುಟುಕು ತೆಗೆದುಕೊಳ್ಳಿ. ಈ ಬಿಯರ್ ಕಟ್ಟಿರುವುದೇ ದೊಡ್ಡ ಗುಟುಕಿಗೆ. ಮೂರು ಸೆಕೆಂಡು ಬಾಯಲ್ಲಿಟ್ಟು ನುಂಗಿ. ಮೊದಲು ಮಾಲ್ಟಿನ ಸಿಹಿ, ನಡುವೆ ಹುರಿದ ಧಾನ್ಯದ ರುಚಿ, ಕೊನೆಗೆ ಸಿಹಿ ಕಡಿಮೆಯಾಗಿ ಬಾಯಿ ಸ್ವಲ್ಪ ಒಣಗಿದಂತಾಗಬೇಕು. ಕಹಿ 10ರಿಂದ 25 ಐಬಿಯು (ಬಿಯರಿನ ಕಹಿ ಅಳೆಯುವ ಮಾನ) ಮಾತ್ರ, ಅದು ಸಿಹಿಯನ್ನು ತೂಗುವಷ್ಟಿದ್ದರೆ ಸಾಕು. ಹಾಪ್ಸ್‌ನ ಕಹಿ ಜೋರಾಗಿರುವ ಐಪಿಎ ಬಿಯರ್ ಕುಡಿದ ಮೇಲೆ ಮೈಲ್ಡ್‌ಗೆ ಬಂದರೆ ಇದ್ಯಾವುದೂ ಸಿಗುವುದಿಲ್ಲ, ಹಾಗಾಗಿ ಅವತ್ತಿನ ಮೊದಲ ಗ್ಲಾಸು ಇದೇ ಆಗಿರಲಿ.

ಬೆಚ್ಚಗಾದ ಮೇಲೂ ನೀರು ನೀರಾಗಿದ್ದರೆ? ಆಗ ಬ್ರೂವರ್ ಕಡೆ ನೋಡಬೇಕು. ಕಪ್ಪು ಬಣ್ಣಕ್ಕೂ ಮೈಕಟ್ಟಿಗೂ ಸಂಬಂಧವಿಲ್ಲ. ಒಟ್ಟು ಮಾಲ್ಟಿನಲ್ಲಿ 2ರಿಂದ 4% ಚಾಕೊಲೇಟ್ ಮಾಲ್ಟ್ ಹಾಕಿದರೆ ಬಣ್ಣ ಬಂದುಬಿಡುತ್ತದೆ. ಮೈಕಟ್ಟು ಬರುವುದು ಯೀಸ್ಟ್ ತಿನ್ನಲಾಗದೆ ಬಿಡುವ ಡೆಕ್ಸ್‌ಟ್ರಿನ್‌ಗಳಿಂದ, ಅಂದರೆ ಪಿಷ್ಟದ ತುಣುಕುಗಳಿಂದ. ಲೆಕ್ಕ ಹಾಕಿ ನೋಡಿ: ಹುದುಗುವ ಮೊದಲು ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 1.034, ಕೊನೆಗೆ 1.010. ಇಲ್ಲಿ 0.001 ಎಂದರೆ ಒಂದು ಪಾಯಿಂಟ್. ವ್ಯತ್ಯಾಸದ 24 ಪಾಯಿಂಟನ್ನು 0.131ರಿಂದ ಗುಣಿಸಿದರೆ ಸುಮಾರು 3.1% ಆಲ್ಕೋಹಾಲ್. ಇದು ಸರಿಯಾದ ಮೈಲ್ಡ್. ಅದೇ ಬಿಯರ್ 1.006ಕ್ಕೆ ಇಳಿದರೆ ಆಲ್ಕೋಹಾಲ್ 3.7% ಆಗುತ್ತದೆ, ಕಾಗದದ ಮೇಲೆ ಜೋರಾಗಿ ಕಾಣುತ್ತದೆ, ಬಾಯಿಗೆ ಮಾತ್ರ ಟೊಳ್ಳು. ಆ ನಾಲ್ಕು ಪಾಯಿಂಟಿನಲ್ಲೇ ಮೈಲ್ಡ್‌ನ ಜೀವ ಇರುವುದು.

ಅಷ್ಟು ಇಳಿಯುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಮ್ಯಾಶ್‌ನ (ಪುಡಿ ಮಾಡಿದ ಮಾಲ್ಟನ್ನು ಬಿಸಿ ನೀರಿನಲ್ಲಿ ನೆನೆಸುವ ಹಂತ) ಬಿಸಿ. 64-65 ಡಿಗ್ರಿಯಲ್ಲಿ ಮ್ಯಾಶ್ ಮಾಡಿದರೆ ಪಿಷ್ಟ ಹೆಚ್ಚಾಗಿ ಹುದುಗುವ ಸಕ್ಕರೆಯಾಗುತ್ತದೆ. 68-69 ಡಿಗ್ರಿಯಲ್ಲಿ ಡೆಕ್ಸ್‌ಟ್ರಿನ್ ಹೆಚ್ಚು ಉಳಿಯುತ್ತದೆ. ಎರಡು, ಯೀಸ್ಟ್. ಐಪಿಎಗೆ ಬಳಸುವ ಶುದ್ಧ ಅಮೆರಿಕನ್ ಯೀಸ್ಟನ್ನೇ ಇದಕ್ಕೂ ಹಾಕಿದರೆ ಅದು ತಳ ಕಾಣುವವರೆಗೆ ತಿನ್ನುತ್ತದೆ, ಹಣ್ಣಿನ ಘಮವನ್ನೂ ಅಷ್ಟಾಗಿ ಕೊಡುವುದಿಲ್ಲ. ಗ್ರಾವಿಟಿಯ ಪಾಯಿಂಟುಗಳಲ್ಲಿ 70%ರ ಸುಮಾರು ಇಳಿಸಿ ಕೈಬಿಡುವ ಇಂಗ್ಲಿಷ್ ಯೀಸ್ಟ್ ಬೇಕು. ಗ್ರಾವಿಟಿ ಇಳಿಯದಿದ್ದರೂ ಬಾಯಿಗೆ ತೆಳುವೆನಿಸಲು ಇನ್ನೊಂದು ಕಾರಣವಿದೆ, ಬಹಳ ಜನ ಮರೆಯುವಂಥದ್ದು: ನೀರು. ಸಲ್ಫೇಟ್ ಹೆಚ್ಚಿರುವ ನೀರು ಐಪಿಎಯ ಕಹಿಯನ್ನು ಹರಿತ ಮಾಡುತ್ತದೆ, ಮೈಲ್ಡನ್ನು ಒಣಗಿಸುತ್ತದೆ. ಇಲ್ಲಿ ಸಲ್ಫೇಟ್‌ಗಿಂತ ಕ್ಲೋರೈಡ್ ಹೆಚ್ಚಿರಬೇಕು, ಅದು ಬಾಯಿಗೆ ತುಂಬಿದ ಭಾವ ಕೊಡುತ್ತದೆ.

ತೆಳುವಾಗಿರುವುದು ಬೇರೆ, ಕೆಟ್ಟಿರುವುದು ಬೇರೆ. ಕೆಟ್ಟದ್ದನ್ನು ಹೀಗೆ ಗುರುತಿಸಬಹುದು. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿದೆ, ಇಲ್ಲವೇ ಬಿಯರ್ ಹಳೆಯದಾಗಿದೆ. ಮೈಲ್ಡ್‌ನಲ್ಲಿ ಕಂಡುಬರುವ ದೋಷಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ, ಯಾಕೆಂದರೆ ಈ ಬಿಯರ್ ಇಟ್ಟು ಕುಡಿಯುವಂಥದ್ದಲ್ಲ. ಗಾಳಿ ಆಡುವ ಕಾಸ್ಕ್ ಆದರೆ ಶುರು ಮಾಡಿದ ಮೂರು ದಿನದೊಳಗೆ ಖಾಲಿಯಾಗಬೇಕು. ಬೆಣ್ಣೆಯ ವಾಸನೆ ಡೈಅಸಿಟೈಲ್‌ನದು. ಇಂಗ್ಲಿಷ್ ಏಲ್‌ಗಳಲ್ಲಿ ಒಂದು ಎಳೆಯಷ್ಟಿದ್ದರೆ ಒಪ್ಪುತ್ತಾರೆ. ನಾಲಿಗೆಯ ಮೇಲೆ ಜಿಡ್ಡು ಕೂತಂತಾದರೆ ಯೀಸ್ಟ್ ಕೆಲಸ ಮುಗಿಸುವ ಮೊದಲೇ ಬಿಯರನ್ನು ತಂಪು ಮಾಡಿದ್ದಾರೆ, ಅಥವಾ ಟ್ಯಾಪ್ ಲೈನ್ ಕೊಳೆಯಾಗಿದೆ. ಎಳೆ ಹಸಿರು ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಹದಕ್ಕೆ ಬಂದಿಲ್ಲ. ಆಸ್ಪತ್ರೆಯ ವಾಸನೆ ಬಂದರೆ ನೀರಿನಲ್ಲಿ ಉಳಿದ ಕ್ಲೋರಿನ್ ಅಥವಾ ಕಾಡು ಯೀಸ್ಟ್.

ಹುಳಿಯ ವಿಷಯದಲ್ಲಿ ಎಚ್ಚರ ಬೇಕು. ಹುರಿದ ಮಾಲ್ಟಿಗೂ ತನ್ನದೇ ಒಂದು ಚಿಕ್ಕ ಹುಳಿಯಿದೆ, ನುಂಗಿದೊಡನೆ ಮಾಯವಾಗುತ್ತದೆ. ಬ್ಯಾಕ್ಟೀರಿಯಾದ ಹುಳಿ ದವಡೆಯ ಪಕ್ಕದಲ್ಲಿ ಉಳಿದು ಬಾಯಲ್ಲಿ ನೀರೂರಿಸುತ್ತದೆ. ಎರಡನೆಯದು ಕಂಡರೆ ಗ್ಲಾಸು ವಾಪಸ್ ಕೊಡಿ. ಇನ್ನು ಬೂದಿಯಂಥ, ಸೀದ ರುಚಿ, ಗಂಟಲಲ್ಲಿ ಒಗರು: ಇದಕ್ಕೆ ಒಂದೋ ಹುರಿದ ಮಾಲ್ಟ್ ಹೆಚ್ಚಾಗಿದೆ, ಅಥವಾ ಮೃದು ನೀರಿನಲ್ಲಿ ಮ್ಯಾಶ್‌ನ ಪಿಎಚ್ 5.2ಕ್ಕಿಂತ ಕೆಳಗೆ ಹೋಗಿದೆ. ಕಪ್ಪು ಮಾಲ್ಟ್ ಪಿಎಚ್ ಇಳಿಸುತ್ತದೆ, ಅದನ್ನು 5.3ರಿಂದ 5.5ರ ನಡುವೆ ಹಿಡಿಯಲು ನೀರಿನಲ್ಲಿ ಸ್ವಲ್ಪ ಬೈಕಾರ್ಬನೇಟ್ ಇರಬೇಕು.

'ಮೈಲ್ಡ್' ಎಂದರೆ ಸಪ್ಪೆ ಎಂದೋ ಶಕ್ತಿಯಿಲ್ಲದ್ದು ಎಂದೋ ಅರ್ಥ ಮಾಡಿಕೊಳ್ಳುವವರಿದ್ದಾರೆ, ಅದನ್ನೂ ತಿಳಿಸಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಮೊದಲು ಆ ಪದಕ್ಕೆ ಇದ್ದ ಅರ್ಥ ಹೊಸದು, ಇಟ್ಟು ಹಣ್ಣಾಗಿಸದ ಬಿಯರ್ ಎಂದು. 19ನೇ ಶತಮಾನದಲ್ಲಿ 6% ದಾಟಿದ ಮೈಲ್ಡ್‌ಗಳೂ ಇದ್ದವು. ಮೊದಲ ಮಹಾಯುದ್ಧದ ಧಾನ್ಯದ ಕೊರತೆ, ನಿರ್ಬಂಧ, ತೆರಿಗೆಗಳಿಂದ ಗ್ರಾವಿಟಿ ಕುಸಿಯಿತು, ಹಳೆಯ ಮಟ್ಟಕ್ಕೆ ಮತ್ತೆ ಏರಲಿಲ್ಲ. ಹಳೆಯ ಶಕ್ತಿಯ ರುಚಿ ಬೇಕಿದ್ದವರಿಗೆ ಇಂಗ್ಲೆಂಡಿನ ಸೆಜ್ಲಿ ಊರಿನ ಸಾರಾ ಹ್ಯೂಸ್ ಬ್ರೂವರಿಯ ಡಾರ್ಕ್ ರೂಬಿ 6%ರಲ್ಲಿದೆ. ಇನ್ನೊಂದು ತುದಿಯಲ್ಲಿ ಮೂರ್‌ಹೌಸಸ್ ಬ್ರೂವರಿಯ ಬ್ಲ್ಯಾಕ್ ಕ್ಯಾಟ್, 3.4%ರ ಆ ಮೈಲ್ಡ್ 2000ದಲ್ಲಿ ಚಾಂಪಿಯನ್ ಬಿಯರ್ ಆಫ್ ಬ್ರಿಟನ್ ಆಗಿತ್ತು. ಕಡಿಮೆ ಆಲ್ಕೋಹಾಲಿನಲ್ಲಿ ರುಚಿ ಕಟ್ಟಲಾಗುವುದಿಲ್ಲ ಎನ್ನುವವರಿಗೆ ಅದೇ ಉತ್ತರ. 2023ರ ಆಗಸ್ಟ್‌ನಿಂದ ಬ್ರಿಟನ್ನಿನಲ್ಲಿ 3.5%ಕ್ಕಿಂತ ಕಡಿಮೆ ಇರುವ ಬಿಯರಿಗೆ ಸುಂಕವೂ ಕಡಿಮೆ, ಹಾಗಾಗಿ 3.4% ಎಂಬ ಅಂಕಿ ಈಗ ಲೇಬಲ್‌ಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ: 568 ಎಂಎಲ್‌ನ ಒಂದು ಪಿಂಟ್ 3.2% ಬಿಯರಿನಲ್ಲಿ ಸುಮಾರು 18 ಎಂಎಲ್ ಆಲ್ಕೋಹಾಲ್ ಇದೆ. ಗಾಡಿ ಓಡಿಸುವವರು ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಮುಂದಿನ ಸಲ ಅದೇ ಬ್ರೂವರಿಗೆ ಹೋದರೆ ಕೌಂಟರಿನಲ್ಲಿ ಕೇಳಿ: ಫೈನಲ್ ಗ್ರಾವಿಟಿ ಎಷ್ಟು, ಯಾವ ಯೀಸ್ಟ್, ಕೆಗ್ ತುಂಬಿದ್ದು ಯಾವಾಗ. 1.010, ಇಂಗ್ಲಿಷ್ ಯೀಸ್ಟ್, ಎರಡು ವಾರದ ಹಿಂದೆ ಎಂದರೆ ಗ್ಲಾಸನ್ನು ಬೆಚ್ಚಗಾಗಲು ಬಿಟ್ಟು ಇನ್ನೊಮ್ಮೆ ಕುಡಿಯಿರಿ. 1.006 ಎಂದರೆ ನಿಮ್ಮ ನಾಲಿಗೆ ಹೇಳಿದ್ದು ಸರಿಯಾಗಿಯೇ ಇದೆ. ಮ್ಯಾಶ್ ಎರಡು ಮೂರು ಡಿಗ್ರಿ ಏರಿಸಿ ಎಂದು ಅವರಿಗೆ ಧಾರಾಳವಾಗಿ ಹೇಳಬಹುದು.